ವಯಸ್ಸಾದವರಿಗೆ ಕಿಡ್ನಿ ಕೈಕೊಟ್ಟಾಗ: ‘ಎಲ್ಲಿ’ ಅನ್ನುವ ಮೊದಲು ‘ಯಾವುದು’ ಅಂತ ಕೇಳಿ

“ಅಪ್ಪನಿಗೆ ಎಪ್ಪತ್ತೆಂಟು. ಕ್ರಿಯಾಟಿನಿನ್ ಏಳು ದಾಟಿದೆ. ಡಯಾಲಿಸಿಸ್ ಶುರು ಮಾಡಿ ಅಂದಿದ್ದಾರೆ. ಊರಲ್ಲೇ ಮಾಡಿಸೋದಾ, ಬೆಂಗಳೂರಿಗೆ ಕರ್ಕೊಂಡು ಬರೋದಾ?”

ಇಂಥ ಪ್ರಶ್ನೆ ಹೊತ್ತ ಫೋನು ತಿಂಗಳಿಗೆ ಎರಡು ಮೂರಾದರೂ ನನಗೆ ಬರುತ್ತದೆ. ಕ್ರಿಯಾಟಿನಿನ್ ಅಂದರೆ ಕಿಡ್ನಿ ಸೋಸಿ ಹೊರಹಾಕಬೇಕಾದ ರಕ್ತದ ಕಸ, ಅದು ಏರಿದರೆ ಕಿಡ್ನಿ ಸೋಲುತ್ತಿದೆ ಅಂತ. ಆ ಸೋಸುವ ಕೆಲಸವನ್ನು ಕಿಡ್ನಿಯ ಬದಲು ಬೇರೆ ರೀತಿ ಮಾಡಿಸುವುದೇ ಡಯಾಲಿಸಿಸ್. ನಾನು ಡಾಕ್ಟರಲ್ಲ. ಅಪ್ಪಯ್ಯನನ್ನು ಮೂರೂವರೆ ವರ್ಷ ಈ ಕಾಯಿಲೆಯಲ್ಲಿ ನೋಡಿಕೊಂಡವಳು. ಆಮೇಲೆ ದೊಡ್ಡಮ್ಮನಿಗೂ ಅದೇ ಕಾಯಿಲೆ ಬಂತು, ಅವರು ಹಿಡಿದ ದಾರಿ ಬೇರೆಯೇ ಆಯಿತು. ಎರಡನ್ನೂ ಹತ್ತಿರದಿಂದ ಕಂಡದ್ದಕ್ಕೆ, ಆ ವರ್ಷಗಳಲ್ಲಿ ಸಿಕ್ಕಿದ್ದನ್ನೆಲ್ಲ ಓದಿದ್ದಕ್ಕೆ, ಇದನ್ನು ಬರೆಯುತ್ತಿದ್ದೇನೆ.

ಫೋನು ಮಾಡುವವರೆಲ್ಲ ಕೇಳುವುದು ‘ಎಲ್ಲಿ’ ಅಂತ. ‘ಯಾವುದು’ ಅಂತ ಕೇಳಿದವರು ಕಡಿಮೆ. ಅದು ಅವರ ತಪ್ಪಲ್ಲ. ಅವರು ಇರುವ ಊರು ಆ ಪ್ರಶ್ನೆಯನ್ನು ಅವರಿಗಿಂತ ಮೊದಲೇ ತೀರ್ಮಾನ ಮಾಡಿಬಿಟ್ಟಿರುತ್ತದೆ.

ದೇಹ ಒಂದೇ, ಊರು ಬೇರೆ

ಇದೇ ಎಪ್ಪತ್ತೆಂಟರ ಮನುಷ್ಯ ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಬಂದರೆ ಆ ವಾರವೇ ಕುತ್ತಿಗೆಯ ರಕ್ತನಾಳಕ್ಕೆ ಕ್ಯಾಥೆಟರ್ ಅನ್ನುವ ಕೊಳವೆ ಹಾಕಿ ಡಯಾಲಿಸಿಸ್ ಶುರುವಾಗುವ ಸಂಭವ ಹೆಚ್ಚು. ಘಾಟಿಯ ಕೆಳಗಿನ ಹಳ್ಳಿಯಲ್ಲೋ ಕಲ್ಯಾಣ ಕರ್ನಾಟಕದ ಒಳನಾಡಿನಲ್ಲೋ ಇದ್ದರೆ “ವಯಸ್ಸಾಯ್ತಲ್ಲ, ಮನೆಗೆ ಕರ್ಕೊಂಡು ಹೋಗಿ” ಎಂಬ ಮಾತು ಕಿವಿಗೆ ಬೀಳುವ ಸಂಭವ ಹೆಚ್ಚು. ಕಿಡ್ನಿ ತಜ್ಞರಾದ ನೆಫ್ರಾಲಜಿಸ್ಟ್‌ಗಳಲ್ಲಿ ಹೆಚ್ಚಿನವರು ಇರುವುದು ಬೆಂಗಳೂರು, ಮೈಸೂರು, ಮಂಗಳೂರು-ಮಣಿಪಾಲ, ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯಂಥ ಕಡೆ. ಉಳಿದವರು ಅವರನ್ನು ಹುಡುಕಿಕೊಂಡು ಹೋಗಬೇಕು. ಒಂದು ಕಡೆ ಬೇಡದವರಿಗೂ ಡಯಾಲಿಸಿಸ್, ಇನ್ನೊಂದು ಕಡೆ ಬೇಕಾದವರಿಗೂ ಇಲ್ಲ. ಎರಡೂ ಅನ್ಯಾಯವೇ.

ಇದು ನಮ್ಮ ರಾಜ್ಯದ್ದೇ ಸಮಸ್ಯೆಯೂ ಅಲ್ಲ. ಅಮೆರಿಕದಲ್ಲಿ ಡಯಾಲಿಸಿಸ್ ಖರ್ಚಿನ ಹೆಚ್ಚಿನ ಪಾಲನ್ನು ಸರ್ಕಾರಿ ವಿಮೆಯೇ ಹೊರುತ್ತದೆ. ಅಂಥ ದೇಶದಲ್ಲೂ ಪ್ರದೇಶಕ್ಕೊಂದು ರೂಢಿ. ಅರವತ್ತೈದು ದಾಟಿದ ಕಿಡ್ನಿ ರೋಗಿಗಳ ಬಗ್ಗೆ 2010ರಲ್ಲಿ ಅಲ್ಲಿ ಪ್ರಕಟವಾದ ಅಧ್ಯಯನವೊಂದು ಚಿಕಿತ್ಸೆಯ ಖರ್ಚು ಅತಿ ಹೆಚ್ಚಿನ ಪ್ರದೇಶಗಳನ್ನೂ ಅತಿ ಕಡಿಮೆಯ ಪ್ರದೇಶಗಳನ್ನೂ ಪಕ್ಕಪಕ್ಕ ಇಟ್ಟು ನೋಡಿತು. ಕಡಿಮೆ ಖರ್ಚಿನ ಕಡೆ ತೀರಿಕೊಂಡವರಲ್ಲಿ ಸುಮಾರು 44% ಜನ ಸಾವಿಗೆ ಮೊದಲು ಡಯಾಲಿಸಿಸ್ ನಿಲ್ಲಿಸಿದ್ದರು. ಹೆಚ್ಚು ಖರ್ಚಿನ ಕಡೆ ಸುಮಾರು 22%. ಹೆಚ್ಚು ಖರ್ಚಿನ ಪ್ರದೇಶದವರು ಮೊದಲೇ ನೆಫ್ರಾಲಜಿಸ್ಟ್‌ರನ್ನು ಕಂಡಿದ್ದೂ ಕಡಿಮೆ, ಡಯಾಲಿಸಿಸ್‌ಗೆ ಅಂತ ಕೈಯ ರಕ್ತನಾಳ ಜೋಡಿಸುವ ಫಿಸ್ಟುಲಾ ಮಾಡಿಸಿಕೊಂಡು ತಯಾರಾಗಿದ್ದೂ ಕಡಿಮೆ. ಕೆನಡಾದ ಆಲ್ಬರ್ಟಾ ಪ್ರಾಂತ್ಯದಲ್ಲಿ ಸುಮಾರು 18 ಲಕ್ಷ ಜನರ ರಕ್ತಪರೀಕ್ಷೆಯ ದಾಖಲೆ ನೋಡಿದಾಗ, 2012ರಲ್ಲಿ, ಇನ್ನೊಂದು ಸತ್ಯ ಹೊರಬಿತ್ತು: ಕಿಡ್ನಿ ನಿಂತೂ ಡಯಾಲಿಸಿಸ್ ಆಗಲಿ ಕಸಿಯಾಗಲಿ ಇಲ್ಲದೆ ಇರುವವರು ವಯಸ್ಸಾದವರಲ್ಲೇ ಬಹಳ ಹೆಚ್ಚು. ಅಷ್ಟು ಜನ ಬೇಡ ಅಂದರೋ, ಯಾರೂ ಅವರನ್ನು ಕೇಳಲೇ ಇಲ್ಲವೋ, ರಕ್ತಪರೀಕ್ಷೆಯ ಕಾಗದದಲ್ಲಿ ಅದು ಕಾಣುವುದಿಲ್ಲ.

ಮೊದಲು ಕೂತು ಲೆಕ್ಕ ಹಾಕಬೇಕಾದದ್ದು

ನಿಜವಾಗಿಯೂ ಹೊತ್ತು ಬಂದಿದೆಯೇ? ಕ್ರಿಯಾಟಿನಿನ್ ಸಂಖ್ಯೆ ಒಂದನ್ನೇ ಹಿಡಿದುಕೊಂಡು ಗಾಬರಿಯಾಗಬೇಡಿ. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್‌ನಲ್ಲಿ ನಡೆದು 2010ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗವೊಂದು, ಸಂಖ್ಯೆ ನೋಡಿ ಬೇಗ ಡಯಾಲಿಸಿಸ್ ಶುರು ಮಾಡಿದವರು ಲಕ್ಷಣ ಬರುವವರೆಗೆ ಕಾದವರಿಗಿಂತ ಹೆಚ್ಚು ಕಾಲ ಬದುಕಲಿಲ್ಲ ಎಂದು ತೋರಿಸಿತು. ಉಸಿರಾಟದ ತೊಂದರೆ, ನಿಲ್ಲದ ವಾಂತಿ, ಔಷಧಿಗೆ ಬಗ್ಗದ ಪೊಟ್ಯಾಸಿಯಂ, ಮಂಪರು ಇವು ಬಂದರೆ ಅದು ತುರ್ತು, ಆಗ ಕಾಯಬಾರದು. ಅವಿಲ್ಲದೆ ಓಡಾಡಿಕೊಂಡು, ಊಟ ಮಾಡಿಕೊಂಡು ಇದ್ದರೆ ಯೋಚಿಸಲು ಸಮಯ ಇದೆ.

ಇದರ ಜೊತೆಗೆ ಇನ್ನೊಂದು. ಇದ್ದಕ್ಕಿದ್ದ ಹಾಗೆ ಕ್ರಿಯಾಟಿನಿನ್ ಏರಿದ್ದರೆ ಅದು ಇಳಿಯಲೂಬಹುದು. ಗಂಡಸರಿಗೆ ಪ್ರಾಸ್ಟೇಟ್ ದಪ್ಪಗಾಗಿ ಮೂತ್ರ ಕಟ್ಟಿರಬಹುದು, ಒಂದು ಸ್ಕ್ಯಾನಿಂಗ್‌ನಲ್ಲಿ ಅದು ಗೊತ್ತಾಗುತ್ತದೆ. ವಾಂತಿಭೇದಿಯಿಂದ ನೀರು ಬತ್ತಿರಬಹುದು. ಮಂಡಿನೋವಿಗೆ ಅಂತ ಮೆಡಿಕಲ್ ಶಾಪಿನಿಂದ ತಂದು ನುಂಗಿದ ಡೈಕ್ಲೋಫೆನಾಕ್ ಇರಬಹುದು. ಯಾರೋ ಔಷಧಿ ಅಂತ ಕೊಟ್ಟ ಭಸ್ಮ ಇರಬಹುದು. ಇವನ್ನು ನೋಡದೆ ಯಾವ ದಾರಿಯನ್ನೂ ಆರಿಸಬೇಡಿ.

ಎರಡನೆಯದು ದೇಹದ ಸ್ಥಿತಿ. ವಯಸ್ಸು ಅಲ್ಲ, ಸ್ಥಿತಿ. ಎಂಬತ್ತೆರಡರಲ್ಲಿ ತೋಟಕ್ಕೆ ಹೋಗಿ ಬಿದ್ದ ಅಡಿಕೆ ಹೆಕ್ಕುವವರಿದ್ದಾರೆ, ಅರವತ್ತೆಂಟಕ್ಕೆ ಮಂಚ ಹಿಡಿದವರಿದ್ದಾರೆ. ತಾವೇ ಸ್ನಾನ ಮಾಡುತ್ತಾರಾ, ಈ ಆರು ತಿಂಗಳಲ್ಲಿ ಬಿದ್ದಿದ್ದಾರಾ, ಹೃದಯ ಹೇಗಿದೆ, ಮರೆವು ಎಷ್ಟಿದೆ, ದಿನಕ್ಕೆ ಮೂತ್ರ ಎಷ್ಟು ಹೋಗುತ್ತಿದೆ. ಡಾಕ್ಟರ ಹತ್ತಿರ ಹೋಗುವಾಗ ಇಷ್ಟನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ.

ಮೂರನೆಯದು ದೂರ. ಕಿಲೋಮೀಟರಿನಲ್ಲಿ ಅಳೆಯಬೇಡಿ, ಗಂಟೆಯಲ್ಲಿ ಅಳೆಯಿರಿ. ನಮ್ಮನೆಯಿಂದ ಜಿಲ್ಲಾ ಕೇಂದ್ರಕ್ಕೆ ಅರವತ್ತೈದು ಕಿಲೋಮೀಟರ್. ಬೆಳಿಗ್ಗೆ ಐದೂವರೆಗೆ ಎದ್ದು ಹೊರಟರೆ ಹೋಗಲು ಎರಡು ಗಂಟೆ, ಕಾಯುವುದು ಒಂದು, ಮಷೀನಿನ ಮೇಲೆ ನಾಲ್ಕು, ತಲೆಸುತ್ತು ಇಳಿಯುವವರೆಗೆ ಅರ್ಧ ಗಂಟೆ, ವಾಪಸು ಎರಡು. ವಾರದಲ್ಲಿ ಮೂರು ದಿನ ಹೀಗೆ. ಮರುದಿನ ಪೂರ್ತಿ ಸುಸ್ತು. ಅಪ್ಪಯ್ಯನಿಗೆ ಅವರದು ಅನ್ನುವ ದಿನ ಉಳಿದದ್ದು ಭಾನುವಾರ ಒಂದೇ. ಒಂದು ಸೋಮವಾರ ಬೆಳಗಿನ ಜಾವ ಕಾರಿನ ಬಾಗಿಲು ಹಿಡಿದುಕೊಂಡು ನಿಂತು “ಮಗಾ, ಇವತ್ತೂ ಹೋಗ್ಬೇಕಾ?” ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಬಾಗಿಲು ತೆಗೆದು ಕೂರಿಸಿದೆ.

ಆಮೇಲೆ ಮನೆಯಲ್ಲಿ ಎಷ್ಟು ಕೈಗಳಿವೆ ಎನ್ನುವುದು, ದುಡ್ಡು, ಮತ್ತು ಕೊನೆಗೆ ಎಲ್ಲರೂ ಕೇಳಲು ಮರೆಯುವುದು: ಅವರಿಗೇನು ಬೇಕು. ಮಕ್ಕಳು ನಾಲ್ಕು ಜನ ವರಾಂಡದಲ್ಲಿ ನಿಂತು ಚರ್ಚೆ ಮಾಡುತ್ತಾರೆ, ಕಾಯಿಲೆಯವರು ಒಳಗೆ ಒಬ್ಬರೇ ಮಲಗಿರುತ್ತಾರೆ. ನಮ್ಮ ಮನೆಯಲ್ಲೂ ಮೊದಲು ಹಾಗೇ ಆಯಿತು.

ತಾಲೂಕು, ಜಿಲ್ಲಾ ಆಸ್ಪತ್ರೆಯ ಡಯಾಲಿಸಿಸ್

ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ 2016ರಲ್ಲಿ ಶುರುವಾದ ಮೇಲೆ ಚಿತ್ರ ಬದಲಾಗಿದೆ. ಬಿಪಿಎಲ್ ಕಾರ್ಡಿನವರಿಗೆ ಉಚಿತ. ಕರ್ನಾಟಕದಲ್ಲಿ ಜಿಲ್ಲಾ ಆಸ್ಪತ್ರೆ ಮಾತ್ರವಲ್ಲ, ತಾಲೂಕು ಆಸ್ಪತ್ರೆಗಳಿಗೂ ಮಷೀನು ಬಂದಿದೆ. ಮನೆಯಿಂದ ಅರ್ಧ ಮುಕ್ಕಾಲು ಗಂಟೆಯೊಳಗೆ ಇಂಥ ಕೇಂದ್ರವೊಂದು ಇದ್ದರೆ, ಹೃದಯ ಸುಮಾರಾಗಿ ಗಟ್ಟಿಯಿರುವ ಹಿರಿಯರಿಗೆ ನಾನು ಮೊದಲು ಹೇಳುವುದು ಇದನ್ನೇ. ಅಲ್ಲಿನ ಟೆಕ್ನಿಷಿಯನ್ ಊರಿನವರೇ ಆಗಿರುತ್ತಾರೆ, ಪಕ್ಕದ ಹಾಸಿಗೆಯವರು ಪರಿಚಯವಾಗುತ್ತಾರೆ, ಊಟ ಮನೆಯದೇ. ಇದಕ್ಕೆ ಬೆಲೆ ಕಟ್ಟಲಾಗದು.

ಕೊರತೆಯೂ ಗೊತ್ತಿರಲಿ. ಶಿಫ್ಟು ಸಿಗುವುದು ತಡವಾಗಬಹುದು. ವಾರಕ್ಕೆ ಮೂರರ ಬದಲು ಎರಡೇ ಸಿಗಬಹುದು. ಮೂತ್ರ ಇನ್ನೂ ಚೆನ್ನಾಗಿ ಹೋಗುತ್ತಿರುವವರಿಗೆ ಎರಡು ಸಾಕಾಗಬಹುದು, ಎಲ್ಲರಿಗೂ ಸಾಲದು. ನೆಫ್ರಾಲಜಿಸ್ಟ್ ಅಲ್ಲೇ ಇರುವುದಿಲ್ಲ, ವೈದ್ಯಾಧಿಕಾರಿ ಮತ್ತು ಟೆಕ್ನಿಷಿಯನ್ ನಡೆಸುತ್ತಾರೆ. ವಯಸ್ಸಾದವರಿಗೆ ನಡುವೆ ಬಿಪಿ ಕುಸಿಯುವುದು ಸಾಮಾನ್ಯ, ಆಗ ನೋಡುವವರು ಯಾರು ಎಂದು ಮೊದಲೇ ಕೇಳಿ. ಫಿಲ್ಟರ್, ಅಂದರೆ ಡಯಲೈಸರ್, ಎಷ್ಟು ಸಲ ಮರುಬಳಕೆ ಮಾಡುತ್ತಾರೆ, ಹೆಪಟೈಟಿಸ್ ಸಿ ಇರುವವರಿಗೆ ಬೇರೆ ಮಷೀನು ಇದೆಯೇ, ಶುದ್ಧ ನೀರಿನ ಘಟಕ ಕೆಟ್ಟರೆ ಏನು ಮಾಡುತ್ತಾರೆ, ಇವನ್ನೂ ಕೇಳಿ. ಕೇಳಿದರೆ ಬೇಜಾರು ಮಾಡಿಕೊಳ್ಳುವವರು ಕಡಿಮೆ. ನಾನು ಕೇಳಿದಾಗ ಒಬ್ಬ ಹುಡುಗ ನನ್ನನ್ನು ಒಳಗೆ ಕರೆದುಕೊಂಡು ಹೋಗಿ ಆರ್‌ಓ ನೀರಿನ ಘಟಕವನ್ನೇ ತೋರಿಸಿದ.

ಉಚಿತ ಅಂದರೆ ಎಲ್ಲವೂ ಉಚಿತ ಅಲ್ಲ. ಆಟೋ ಅಥವಾ ಬಾಡಿಗೆ ಕಾರು, ಜೊತೆಗೆ ಹೋಗುವವರ ಕೂಲಿ ಅಥವಾ ರಜೆ, ಆಗಾಗ ಹೊರಗೆ ಮಾಡಿಸುವ ಪರೀಕ್ಷೆ, ರಕ್ತ ಹೆಚ್ಚಲು ಕೊಡುವ ಎರಿಥ್ರೋಪೊಯೆಟಿನ್ ಇಂಜೆಕ್ಷನ್ ದಾಸ್ತಾನಿಲ್ಲದ ದಿನ ಹೊರಗಿನಿಂದ ತರುವುದು, ಮೊದಲಿಗೆ ಫಿಸ್ಟುಲಾ ಮಾಡಿಸಲು ದೊಡ್ಡ ಊರಿಗೆ ಹೋಗುವುದು. ಬಡ ಕುಟುಂಬಗಳು ನಡುವೆ ಬಿಟ್ಟುಬಿಡುವುದು ಹೆಚ್ಚಾಗಿ ಈ ಸಣ್ಣ ಸಣ್ಣ ಖರ್ಚಿನ ಭಾರಕ್ಕೆ.

ಬೆಂಗಳೂರಿಗೆ ಕರೆತರುವುದು

ಮಗನೋ ಮಗಳೋ ಬೆಂಗಳೂರಲ್ಲಿದ್ದರೆ ಎಲ್ಲರ ಮನಸ್ಸೂ ಮೊದಲು ಅಲ್ಲಿಗೇ ಓಡುತ್ತದೆ. ನೆಫ್ರಾಲಜಿಸ್ಟ್ ಇದ್ದಾರೆ, ಹೃದಯದ ಡಾಕ್ಟರಿದ್ದಾರೆ, ರಾತ್ರಿ ಎರಡಕ್ಕೂ ಐಸಿಯು ಇದೆ. ದುಡ್ಡಿರುವವರಿಗೆ ಖಾಸಗಿ ಕೇಂದ್ರಗಳು ಹೇರಳ. ಒಂದು ಸಲದ ಡಯಾಲಿಸಿಸ್‌ಗೆ ಒಂದೂವರೆ ಸಾವಿರದಿಂದ ಮೂರು ನಾಲ್ಕು ಸಾವಿರದವರೆಗೆ ಆಸ್ಪತ್ರೆಗೆ ತಕ್ಕಂತೆ. ತಿಂಗಳಿಗೆ ಹನ್ನೆರಡು ಹದಿಮೂರು ಸಲ, ಮೇಲೆ ಔಷಧಿ. ಅಷ್ಟು ಶಕ್ತಿ ಇಲ್ಲದವರು ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿರುವ ಸರ್ಕಾರದ ನೆಫ್ರೋ-ಯೂರಾಲಜಿ ಸಂಸ್ಥೆಯಲ್ಲಿ ವಿಚಾರಿಸಬೇಕು. ಎಪ್ಪತ್ತು ದಾಟಿದ ಎಲ್ಲರಿಗೂ, ಆದಾಯ ನೋಡದೆ, ವರ್ಷಕ್ಕೆ 5 ಲಕ್ಷದವರೆಗಿನ ಆಯುಷ್ಮಾನ್ ವಿಮೆಯನ್ನು ಕೇಂದ್ರ ಸರ್ಕಾರ 2024ರ ಅಕ್ಟೋಬರ್‌ನಲ್ಲಿ ಘೋಷಿಸಿ ಶುರು ಮಾಡಿದೆ. ಆದರೆ ನೀವು ಹೋಗುವ ಆಸ್ಪತ್ರೆ ಆ ಕಾರ್ಡನ್ನು, ಈ ಚಿಕಿತ್ಸೆಗೆ, ತೆಗೆದುಕೊಳ್ಳುತ್ತದೆಯೇ ಎಂದು ಕೌಂಟರಿನಲ್ಲಿ ಖಚಿತ ಮಾಡಿಕೊಳ್ಳಿ. ಅಪ್ಪ ಅಮ್ಮನನ್ನು ಪುಣೆಗೋ ಹೈದರಾಬಾದಿಗೋ ಕರೆಸಿಕೊಳ್ಳುವವರು ಇದನ್ನು ಇನ್ನೂ ಮುಂಚೆ ಕೇಳಬೇಕು. ರಾಜ್ಯ ದಾಟಿದರೆ ಯೋಜನೆಯ ಲೆಕ್ಕವೇ ಬದಲಾಗುತ್ತದೆ.

ಲೆಕ್ಕಕ್ಕೆ ಸಿಗದ ಖರ್ಚು ಇನ್ನೊಂದಿದೆ. ಎಪ್ಪತ್ತೈದು ವರ್ಷ ಒಂದೇ ಜಗಲಿಯ ಮೇಲೆ ಕೂತು ದಾರಿಹೋಕರನ್ನೆಲ್ಲ ಮಾತಾಡಿಸಿದವರನ್ನು ಎಂಟನೇ ಮಹಡಿಗೆ ತಂದು ಕೂರಿಸಿದರೆ ಅವರು ಡಯಾಲಿಸಿಸ್‌ಗಿಂತ ಹೆಚ್ಚಾಗಿ ಅದರಿಂದ ಸೊರಗುತ್ತಾರೆ. ಅಪ್ಪಯ್ಯ ಎರಡು ತಿಂಗಳು ನನ್ನ ಜೊತೆ ಬೆಂಗಳೂರಲ್ಲಿದ್ದರು. ಕ್ರಿಯಾಟಿನಿನ್ ಇಳಿಯಿತು, ಊಟವೂ ಇಳಿಯಿತು. ಬಾಲ್ಕನಿಯಲ್ಲಿ ನಿಂತು “ಇಲ್ಲಿ ಮಳೆ ಬಂದ್ರೂ ವಾಸನೆ ಬರಲ್ಲ” ಅಂದಿದ್ದು ನೆನಪಿದೆ. ತೀವ್ರ ಹೃದಯದ ತೊಂದರೆಯೂ ಇರುವವರಿಗೆ, ಊರಲ್ಲಿ ನೋಡುವವರೇ ಇಲ್ಲದವರಿಗೆ ಮಹಾನಗರ ಸರಿ. ಉಳಿದವರು ಬೆಂಗಳೂರನ್ನು ತಯಾರಿಗೆ ಬಳಸಿಕೊಳ್ಳಿ: ಒಂದು ಸಲ ಬಂದು ನೆಫ್ರಾಲಜಿಸ್ಟ್‌ರನ್ನು ಕಂಡು, ಫಿಸ್ಟುಲಾ ಮಾಡಿಸಿಕೊಂಡು, ಮುಂದಿನ ಚಿಕಿತ್ಸೆಯನ್ನು ಹಾಳೆಯಲ್ಲಿ ಬರೆಸಿಕೊಂಡು ಊರಿಗೆ ಹೋಗಿ.

ಫಿಸ್ಟುಲಾ ಬಗ್ಗೆ ಒತ್ತಿ ಹೇಳುತ್ತೇನೆ. ಕೈಯ ರಕ್ತನಾಳಗಳನ್ನು ಜೋಡಿಸುವ ಈ ಸಣ್ಣ ಆಪರೇಷನ್ ಮಾಡಿದ ಮೇಲೆ ಅದು ಬಲಿಯಲು ಒಂದೂವರೆ ಎರಡು ತಿಂಗಳಾದರೂ ಬೇಕು, ವಯಸ್ಸಾದವರಿಗೆ ಇನ್ನೂ ಹೆಚ್ಚು. ನಮಗೆ ಯಾರೂ ಮೊದಲೇ ಹೇಳಲಿಲ್ಲ. ಅಪ್ಪಯ್ಯನಿಗೆ ತುರ್ತಿನಲ್ಲಿ ಕುತ್ತಿಗೆಗೆ ಕ್ಯಾಥೆಟರ್ ಹಾಕಿದರು, ಮೂರನೇ ವಾರ ಮಷೀನಿನ ಮೇಲಿದ್ದಾಗಲೇ ಗಡಗಡ ನಡುಗಿ ಚಳಿಜ್ವರ ಬಂತು. ಕ್ಯಾಥೆಟರ್ ಸೋಂಕು. ಹನ್ನೊಂದು ದಿನ ಆಸ್ಪತ್ರೆ. ಅಲ್ಲಿಂದ ಬಂದವರು ಮೊದಲಿನ ಅಪ್ಪಯ್ಯ ಆಗಿರಲಿಲ್ಲ.

ಮನೆಯಲ್ಲೇ ಹೊಟ್ಟೆಯ ಡಯಾಲಿಸಿಸ್

ಇದನ್ನು ಡಾಕ್ಟರುಗಳು ಸಿಎಪಿಡಿ ಅನ್ನುತ್ತಾರೆ. ಹೊಟ್ಟೆಗೆ ಮೆತ್ತನೆಯ ಕೊಳವೆಯೊಂದನ್ನು ಕೂರಿಸುತ್ತಾರೆ. ಎರಡು ಲೀಟರ್ ದ್ರಾವಣದ ಬ್ಯಾಗನ್ನು ತೂಗುಹಾಕಿ ಒಳಗೆ ಬಿಟ್ಟು, ಕೆಲವು ಗಂಟೆ ಬಿಟ್ಟು ಹೊರಗೆ ಇಳಿಸಿಕೊಳ್ಳುವುದು. ದಿನಕ್ಕೆ ಮೂರು ನಾಲ್ಕು ಸಲ, ಪ್ರತಿಸಲ ಅರ್ಧ ಗಂಟೆಯ ಆಸುಪಾಸು. ಸೂಜಿ ಇಲ್ಲ, ಪ್ರಯಾಣ ಇಲ್ಲ, ಬಿಪಿ ಒಮ್ಮೆಲೇ ಕುಸಿಯುವುದಿಲ್ಲ. ದುರ್ಬಲ ಹೃದಯಕ್ಕೆ ಇದು ಹೆಚ್ಚು ಸೌಮ್ಯ. ಪಥ್ಯವೂ ಸ್ವಲ್ಪ ಸಡಿಲ.

ದೂರದ ಹಳ್ಳಿಯ ಹಿರಿಯರಿಗೆ ನನ್ನ ಮನಸ್ಸು ವಾಲುವುದು ಇದರ ಕಡೆಗೆ. ಆದರೆ ನಮ್ಮಲ್ಲಿ ಇದರ ಹೆಸರನ್ನೇ ಹೇಳದ ಊರುಗಳು ಎಷ್ಟೋ. ಹಾಂಗ್‌ಕಾಂಗ್ 1985ರಿಂದ ಸರ್ಕಾರಿ ಆಸ್ಪತ್ರೆಗಳಲ್ಲಿ ಮೊದಲು ಇದನ್ನೇ ಕೊಡುತ್ತ ಬಂದಿದೆ. ಥಾಯ್ಲೆಂಡ್ ತನ್ನ ಸಾರ್ವಜನಿಕ ವಿಮೆಯಲ್ಲಿ 2008ರಲ್ಲಿ ಅದೇ ನೀತಿ ತಂದು, 2022ರಲ್ಲಿ ಆಯ್ಕೆಯನ್ನು ರೋಗಿಗೇ ಬಿಟ್ಟಿತು. ಫ್ರಾನ್ಸಿನಲ್ಲಿ ಕೈ ನಡುಗುವ ವೃದ್ಧರ ಮನೆಗೆ ನರ್ಸ್ ಬಂದು ಬ್ಯಾಗ್ ಬದಲಿಸಿ ಹೋಗುವ ವ್ಯವಸ್ಥೆ ಇದೆ. ನಮ್ಮ ರಾಷ್ಟ್ರೀಯ ಕಾರ್ಯಕ್ರಮಕ್ಕೂ 2019ರಲ್ಲಿ ಇದನ್ನು ಸೇರಿಸಿದ್ದಾರೆ. ಕಾಗದದಲ್ಲಿ ಇರುವುದು ನಿಮ್ಮ ಜಿಲ್ಲೆಗೆ ಬಂದಿದೆಯೇ ಎಂದು ಜಿಲ್ಲಾ ಆಸ್ಪತ್ರೆಯಲ್ಲಿ ಕೇಳಬೇಕು. ಸ್ವಂತ ಖರ್ಚಿನಲ್ಲಾದರೆ ತಿಂಗಳಿಗೆ ಇಪ್ಪತ್ತರಿಂದ ಮೂವತ್ತು ಸಾವಿರ ಹಿಡಿಯಿರಿ. ವಾರಕ್ಕೆ ಮೂರು ಸಲದ ಬಾಡಿಗೆ ಕಾರಿನ ಲೆಕ್ಕ ಪಕ್ಕದಲ್ಲಿ ಇಟ್ಟು ನೋಡಿದರೆ ವ್ಯತ್ಯಾಸ ಅಷ್ಟಾಗಿ ಉಳಿಯುವುದಿಲ್ಲ.

ಬೇಕಾಗುವುದು ಒಂದು ಶುಚಿಯಾದ ಕೋಣೆ ಮತ್ತು ತಪ್ಪದ ಎರಡು ಕೈ. ಅಪ್ಪಯ್ಯನನ್ನು ಮಷೀನಿನಿಂದ ಇದಕ್ಕೆ ಬದಲಾಯಿಸಿದ ಮೇಲೆ ನಾವು ಅವರ ಕೋಣೆಯಲ್ಲಿ ಬಾಗಿಲು ಕಿಟಕಿ ಮುಚ್ಚಿ, ಫ್ಯಾನ್ ಆರಿಸಿ, ಮಾಸ್ಕ್ ಹಾಕಿ, ಸೋಪಿನಲ್ಲಿ ಮೊಣಕೈವರೆಗೆ ಕೈತೊಳೆದು ಬ್ಯಾಗ್ ಬದಲಿಸುತ್ತಿದ್ದೆವು. ಅತ್ತಿಗೆ ಕಲಿತದ್ದು ಒಂದೇ ವಾರದಲ್ಲಿ. ಹೊರಬಂದ ದ್ರಾವಣದ ಬ್ಯಾಗಿನ ಹಿಂದೆ ದಿನಪತ್ರಿಕೆ ಹಿಡಿಯುತ್ತಿದ್ದಳು. ಅಕ್ಷರ ಕಂಡರೆ ಸರಿ. ಒಂದು ದಿನ ಅಕ್ಷರ ಮಸುಕಾಗಿ ಕಂಡಿತು. ಆ ಬ್ಯಾಗನ್ನೇ ಹಿಡಿದುಕೊಂಡು ಅದೇ ಹೊತ್ತಿಗೆ ಹೊರಟೆವು. ಹೊಟ್ಟೆಯೊಳಗಿನ ಸೋಂಕು, ಪೆರಿಟೋನೈಟಿಸ್. ಬೇಗ ಹೋದದ್ದಕ್ಕೆ ವಾಸಿಯಾಯಿತು. ಮಳೆಗಾಲದ ಊರುಗಳಲ್ಲಿ ಇನ್ನೊಂದು ಮುನ್ನೆಚ್ಚರಿಕೆ: ಮೇ ತಿಂಗಳಲ್ಲೇ ಎರಡು ತಿಂಗಳಿನ ಬ್ಯಾಗ್ ತರಿಸಿಡಿ. ಘಾಟಿ ಕುಸಿದರೆ ಲಾರಿ ಬರುವುದಿಲ್ಲ.

ಮನೆಯಲ್ಲಿ ಮುದುಕ ಮುದುಕಿ ಇಬ್ಬರೇ ಇದ್ದು, ಇಬ್ಬರಿಗೂ ಕಣ್ಣು ಮಂಜಾಗಿದ್ದರೆ ಇದು ಬೇಡ. ಹೊಟ್ಟೆಗೆ ಹಿಂದೆ ದೊಡ್ಡ ಆಪರೇಷನ್ ಆಗಿದ್ದರೆ ಆಗದಿರಬಹುದು. ದ್ರಾವಣದಲ್ಲಿ ಗ್ಲೂಕೋಸ್ ಇರುವುದರಿಂದ ಸಕ್ಕರೆ ಕಾಯಿಲೆಯವರ ಶುಗರ್ ಏರುತ್ತದೆ. ಪ್ರೋಟೀನ್ ಸೋರುವುದರಿಂದ ಊಟ ಚೆನ್ನಾಗಿ ಮಾಡಬೇಕು.

ಕಸಿ

ದೇಹ ತಡೆದುಕೊಳ್ಳುವಂತಿದ್ದರೆ ಎಲ್ಲಕ್ಕಿಂತ ಒಳ್ಳೆಯದು ಇದೇ, ಆದರೆ ಎಪ್ಪತ್ತೈದರ ಮೇಲೆ ಅಂಥವರು ಬೆರಳೆಣಿಕೆ. ಮೃತರ ಅಂಗಕ್ಕೆ ನೋಂದಾಯಿಸಲು ಇದ್ದ 65ರ ಮಿತಿಯನ್ನು 2023ರಲ್ಲಿ ತೆಗೆದುಹಾಕಿದ್ದಾರೆ, ನಮ್ಮಲ್ಲಿ ರಾಜ್ಯದ ಅಂಗದಾನ ಸಂಸ್ಥೆ ‘ಜೀವಸಾರ್ಥಕತೆ’ ಮೂಲಕ ನೋಂದಣಿ. ಕಾಯುವುದು ದೀರ್ಘ. ಹೆಂಡತಿಯೋ ಮಗಳೋ ಕೊಡುತ್ತೇನೆ ಅಂದರೆ, ಅವರನ್ನು ಒಂಟಿಯಾಗಿ ಕೂರಿಸಿ, ಮನಸ್ಸಿನಿಂದ ಹೇಳುತ್ತಿದ್ದಾರಾ ಎಂದು ಕೇಳಿ.

ಡಯಾಲಿಸಿಸ್ ಬೇಡ ಎನ್ನುವ ದಾರಿ

ಇದರ ಬಗ್ಗೆ ಬರೆಯಬೇಕೆಂದೇ ಇಷ್ಟೂ ಬರೆದೆ ಅಂದರೂ ತಪ್ಪಿಲ್ಲ. ಡಯಾಲಿಸಿಸ್ ಬೇಡ ಅಂದರೆ ಚಿಕಿತ್ಸೆ ಬೇಡ ಅಂತಲ್ಲ. ಬಿಪಿ ಮಾತ್ರೆ, ನೀರು ಇಳಿಸುವ ಮಾತ್ರೆ, ರಕ್ತ ಹೆಚ್ಚಿಸುವ ಇಂಜೆಕ್ಷನ್, ತುರಿಕೆಗೆ, ವಾಂತಿಗೆ, ಉಸಿರು ಕಟ್ಟುವುದಕ್ಕೆ ಔಷಧಿ, ಎಲ್ಲವೂ ಇರುತ್ತದೆ. ಡಾಕ್ಟರು ನೋಡುತ್ತಲೇ ಇರುತ್ತಾರೆ. ಮಷೀನು ಮಾತ್ರ ಇಲ್ಲ. “ಮನೆಗೆ ಕರ್ಕೊಂಡು ಹೋಗಿ” ಅಂತ ಕೈತೊಳೆದುಕೊಳ್ಳುವುದಕ್ಕೂ ಇದಕ್ಕೂ ಆಕಾಶ ಭೂಮಿಯ ಅಂತರ.

ಲಾಭನಷ್ಟ ನೇರವಾಗಿ ಹೇಳುತ್ತೇನೆ. ಇಂಗ್ಲೆಂಡಿನಲ್ಲಿ ಎಪ್ಪತ್ತು ದಾಟಿದವರನ್ನು ನೋಡಿದ 2009ರ ಅಧ್ಯಯನವೊಂದರಲ್ಲಿ ಡಯಾಲಿಸಿಸ್ ಹಿಡಿದವರ ಮಧ್ಯಮ ಆಯುಷ್ಯ (ಅಂದರೆ ಅರ್ಧ ಜನ ದಾಟಿದ ಅವಧಿ) ಸುಮಾರು 38 ತಿಂಗಳು, ಬೇಡ ಅಂದವರದು ಸುಮಾರು 14 ತಿಂಗಳು. ಅಂತರ ದೊಡ್ಡದೇ. ಆದರೆ ಡಯಾಲಿಸಿಸ್‌ನವರು ವರ್ಷಕ್ಕೆ ಸುಮಾರು 173 ದಿನ ಆಸ್ಪತ್ರೆಯ ಬಾಗಿಲು ತುಳಿದರು, ಇನ್ನೊಂದು ಗುಂಪಿನವರು ಸುಮಾರು 16 ದಿನ. ಮನೆಯಲ್ಲೋ ಕೊನೆಗಾಲದ ಆರೈಕೆ ಕೊಡುವ ಹಾಸ್ಪಿಸ್‌ನಲ್ಲೋ ಕಣ್ಣುಮುಚ್ಚಿದವರು ಎರಡನೇ ಗುಂಪಿನಲ್ಲೇ ಹೆಚ್ಚು. ಅಮೆರಿಕದ ವೃದ್ಧಾಶ್ರಮಗಳಲ್ಲಿ ಡಯಾಲಿಸಿಸ್ ಶುರು ಮಾಡಿದ 3702 ಜನರಲ್ಲಿ ವರ್ಷದೊಳಗೆ 58% ತೀರಿಕೊಂಡರು. ಮೊದಲಿನಷ್ಟೇ ಓಡಾಟ ಉಳಿಸಿಕೊಂಡವರು 13% ಮಾತ್ರ. ಅಲ್ಲಿನ ಮಾಜಿ ಸೈನಿಕರ ಆಸ್ಪತ್ರೆಗಳ ದಾಖಲೆ ಇಟ್ಟುಕೊಂಡು 2024ರಲ್ಲಿ ಮಾಡಿದ ಲೆಕ್ಕದ ಪ್ರಕಾರ, ಕಸಿಗೆ ಹೋಗದ ಹಿರಿಯರಿಗೆ ಡಯಾಲಿಸಿಸ್‌ನಿಂದ ಮೂರು ವರ್ಷದಲ್ಲಿ ಸಿಕ್ಕ ಹೆಚ್ಚುವರಿ ಆಯುಷ್ಯ ಸರಾಸರಿ 77 ದಿನ. ಆದರೆ ಮನೆಯಲ್ಲಿ ಕಳೆದ ದಿನಗಳು ಸುಮಾರು 15 ಕಡಿಮೆ. ಗಟ್ಟಿ ಇರುವ ಎಪ್ಪತ್ತೆರಡರವರಿಗೆ ಈ ಲೆಕ್ಕ ಡಯಾಲಿಸಿಸ್ ಪರ. ಹೃದಯ ಸೋತು, ಹಾಸಿಗೆ ಹಿಡಿದು, ಮಕ್ಕಳ ಹೆಸರು ಮರೆತ ಎಂಬತ್ತೈದರವರಿಗೆ ಅಲ್ಲ.

ದೊಡ್ಡಮ್ಮನಿಗೆ ಎಂಬತ್ನಾಲ್ಕು. ಅಪ್ಪಯ್ಯನ ಪಾಡನ್ನು ಕಣ್ಣಾರೆ ಕಂಡಿದ್ದರು. ಡಾಕ್ಟರು ಮಕ್ಕಳ ಕಡೆ ತಿರುಗಿ ವಿವರಿಸುತ್ತಿದ್ದಾಗ “ನನ್ನನ್ನು ಕೇಳಿ, ಡಾಕ್ಟ್ರೇ. ನಾನು ಇಲ್ಲೇ ಇದ್ದೀನಿ” ಅಂದರು. ಅವರು ಆರಿಸಿದ್ದು ಈ ದಾರಿ. ಆಮೇಲೆ ಹತ್ತು ತಿಂಗಳು ಇದ್ದರು. ಕಡೆಯ ಮೂರು ವಾರ ಬಿಟ್ಟರೆ ಹೂವಿನ ಗಿಡಕ್ಕೆ ನೀರು ಹಾಕಿದರು, ಮೊಮ್ಮಗಳ ಸೀಮಂತಕ್ಕೆ ಕೂತು ಹಾಡಿದರು. ಕಡೆಯ ವಾರಗಳು ಸುಲಭ ಇರಲಿಲ್ಲ, ಉಸಿರಾಟ ಭಾರವಾಗಿತ್ತು. ನೋವು, ಸಂಕಟ ಕಡಿಮೆ ಮಾಡುವ ಉಪಶಾಮಕ ಆರೈಕೆ ಕಲಿತ ನರ್ಸ್ ಒಬ್ಬರು ಫೋನಿನಲ್ಲೇ ಅತ್ತಿಗೆಗೆ ಔಷಧಿಯ ಪ್ರಮಾಣ ಹೇಳಿಕೊಡುತ್ತಿದ್ದರು. ಕಿಡ್ನಿ ನಿಂತವರಿಗೆ ನೋವಿನ ಔಷಧಿ ಎಲ್ಲವೂ ಆಗುವುದಿಲ್ಲ. ಮಾರ್ಫಿನ್ ಕೂಡ ದೇಹದಲ್ಲಿ ಕಟ್ಟಿಕೊಳ್ಳುತ್ತದೆ, ಬದಲಿಗೆ ಬೇರೆ ಇವೆ. ಅದಕ್ಕೇ ತಿಳಿದವರು ಬೇಕು.

ಇಲ್ಲಿಯೂ ಊರಿನ ಪ್ರಶ್ನೆಯೇ. ಗಡಿಯಾಚೆ ಕೇರಳದಲ್ಲಿ ಕೋಳಿಕ್ಕೋಡಿನಿಂದ ಬೆಳೆದ ಉಪಶಾಮಕ ಆರೈಕೆ ಊರೂರಿಗೆ ಹಬ್ಬಿದೆ, 2008ರಲ್ಲೇ ಆ ರಾಜ್ಯ ಅದಕ್ಕೊಂದು ನೀತಿ ಮಾಡಿತು. ನಮ್ಮಲ್ಲಿ ಅಷ್ಟು ದಟ್ಟವಾಗಿ ಇಲ್ಲ, ಹುಡುಕಬೇಕು. ಹತ್ತಿರದ ವೈದ್ಯಕೀಯ ಕಾಲೇಜಿನಿಂದ, ಕ್ಯಾನ್ಸರ್ ಆರೈಕೆಯವರಿಂದ ಹುಡುಕಾಟ ಶುರು ಮಾಡಿ. ಕೊನೆಗಾಲದ ಚಿಕಿತ್ಸೆ ಹೇಗಿರಬೇಕೆಂದು ಮುಂಗಡವಾಗಿ ಬರೆದಿಡಲು ಸುಪ್ರೀಂ ಕೋರ್ಟ್ 2018ರಲ್ಲಿ ಅವಕಾಶ ಕೊಟ್ಟು, 2023ರಲ್ಲಿ ಸರಳ ಮಾಡಿತು: ಇಬ್ಬರು ಸಾಕ್ಷಿಗಳು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಸಹಿ. 2025ರ ಜನವರಿಯಲ್ಲಿ ಕರ್ನಾಟಕದ ಆರೋಗ್ಯ ಇಲಾಖೆ ಇದನ್ನು ಜಾರಿ ಮಾಡಲು ಸುತ್ತೋಲೆ ಹೊರಡಿಸಿದೆ. ದೊಡ್ಡಮ್ಮ ಬರೆದಿಟ್ಟಿದ್ದರು. ಕಡೆಯ ರಾತ್ರಿ ಮುಂಬೈನಿಂದ ಬಂದ ಅಣ್ಣ “ಐಸಿಯುಗೆ ಸೇರಿಸೋಣ” ಅಂದಾಗ ಅತ್ತಿಗೆ ಆ ಹಾಳೆ ತಂದು ಕೊಟ್ಟಳು. ಅವನು ಓದಿ, ಮಡಚಿ, ಅವರ ಕಾಲ ಬಳಿ ಕೂತ.

ಕರಾವಳಿ ಮಲೆನಾಡಿನವರಿಗೆ ಒಂದು ಮಾತು, ಯಾವ ದಾರಿ ಹಿಡಿದರೂ: ದಾರೆಹುಳಿ (ಸ್ಟಾರ್ ಫ್ರೂಟ್) ಹಣ್ಣು, ಅದರ ಸಾರು, ಉಪ್ಪಿನಕಾಯಿ ಕಿಡ್ನಿ ಕೆಟ್ಟವರಿಗೆ ವಿಷ. ನಿಲ್ಲದ ಬಿಕ್ಕಳಿಕೆ, ಮಂಪರು, ಫಿಟ್ಸ್ ಬರಬಹುದು. ಎಳನೀರೂ ಬೇಡ, ಪೊಟ್ಯಾಸಿಯಂ ಏರುತ್ತದೆ.

ಹಾಗಾದರೆ ಯಾರಿಗೆ ಯಾವುದು

ತಾಲೂಕು ಕೇಂದ್ರ ಹತ್ತಿರ, ದೇಹ ಗಟ್ಟಿ, ದುಡ್ಡು ಕಡಿಮೆ: ಊರಿನ ಡಯಾಲಿಸಿಸ್, ಮೂರು ತಿಂಗಳಿಗೊಮ್ಮೆ ದೊಡ್ಡ ಊರಿನ ನೆಫ್ರಾಲಜಿಸ್ಟ್. ಕೇಂದ್ರ ದೂರ, ಹೃದಯ ದುರ್ಬಲ, ಮನೆಯಲ್ಲಿ ನಂಬಿಕೆಯ ಕೈ ಇದೆ: ಹೊಟ್ಟೆಯ ಡಯಾಲಿಸಿಸ್, ಯಾರೂ ಹೇಳದಿದ್ದರೂ ನೀವೇ ಕೇಳಿ. ಮಕ್ಕಳು ವಿದೇಶದಲ್ಲಿ, ಇಲ್ಲಿ ನೋಡುವವರು ಕೂಲಿಯವರು ಮಾತ್ರ: ಬ್ಯಾಗ್ ಬದಲಿಸುವ ಹೊಣೆ ಅವರ ಮೇಲೆ ಹೊರಿಸಬೇಡಿ, ಹತ್ತಿರದ ಕೇಂದ್ರವೇ ಮೇಲು. ಹಾಸಿಗೆ ಹಿಡಿದವರು, ಬೇರೆ ದೊಡ್ಡ ಕಾಯಿಲೆಯೂ ಇರುವವರು: ಡಯಾಲಿಸಿಸ್ ಇಲ್ಲದ ಆರೈಕೆಯನ್ನು ಮೊದಲ ಆಯ್ಕೆಯಾಗಿ ಕೇಳಿ ನೋಡಿ, ಅದಕ್ಕೆ ಪಾಪಪ್ರಜ್ಞೆ ಬೇಡ.

ತೀರ್ಮಾನಕ್ಕೇ ಬರಲಾಗದಿದ್ದರೆ ಗಡುವು ಹಾಕಿಕೊಂಡು ಶುರು ಮಾಡಬಹುದು. ಮೂರು ತಿಂಗಳು ಮಾಡಿ ನೋಡೋಣ, ಊಟ ಸೇರುತ್ತಿದೆಯಾ, ಎದ್ದು ಓಡಾಡುತ್ತಿದ್ದಾರಾ, ಅವರಿಗೆ ಮುಂದುವರಿಸಬೇಕು ಅನ್ನಿಸುತ್ತಿದೆಯಾ ನೋಡಿ, ಆಗ ಮತ್ತೆ ಕೂರೋಣ ಎಂದು ಡಾಕ್ಟರ ಮುಂದೆಯೇ ಹೇಳಿ, ತಾರೀಕು ಬರೆಸಿಕೊಳ್ಳಿ. ಶುರು ಮಾಡಿದ್ದನ್ನು ನಿಲ್ಲಿಸಬಾರದು ಎಂಬ ನಿಯಮ ಎಲ್ಲೂ ಇಲ್ಲ. ಅಪ್ಪಯ್ಯನಿಗೆ ನಾವು ಆ ತಾರೀಕು ಹಾಕಿಕೊಂಡಿದ್ದರಿಂದಲೇ ಮಷೀನಿನಿಂದ ಹೊಟ್ಟೆಯ ಡಯಾಲಿಸಿಸ್‌ಗೆ ಬದಲಾಯಿಸಲು ಆಯಿತು. ಆಮೇಲೆ ಅವರು ಎರಡು ವರ್ಷ ಜಗಲಿಯ ಮೇಲೇ ಇದ್ದರು.

ಯೋಚಿಸುತ್ತಿರುವ ಈ ದಿನಗಳಲ್ಲಿ ಒಂದು ಕೆಲಸ ಇವತ್ತಿನಿಂದಲೇ ಮಾಡಿ. ಬಲಗೈ ಬಳಸುವವರಾದರೆ ಎಡಗೈಯಿಂದ ರಕ್ತ ತೆಗೆಯಲು, ಡ್ರಿಪ್ ಹಾಕಲು ಬಿಡಬೇಡಿ. ಲ್ಯಾಬಿನವರು ಬಂದಾಗ ಬಲಗೈಯ ಹಿಂಬದಿಯನ್ನು ತೋರಿಸಿ. ಮುಂದೆ ಫಿಸ್ಟುಲಾ ಬೇಕು ಅನ್ನಿಸಿದರೆ ಎಡಗೈಯ ರಕ್ತನಾಳ ಆಗ ಉಳಿದಿರುತ್ತದೆ.